ಏರ್ ರೈಫಲ್‌ಗೆ ಸ್ಟೀಲ್ ಗುಂಡು ಹಾಕಬೇಡಿ, ಅಂಗಡಿಯವರು ಏನೇ ಹೇಳಲಿ

ಮಕ್ಕಳಿಗೆ ಏರ್ ರೈಫಲ್ ಕೊಡಿಸಿರುವವರು, ಕೊಡಿಸಬೇಕು ಅಂದುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸೀಸದ ಪೆಲೆಟ್ ಕೇಳಲು ಹೋದ ನಮ್ಮ ಭಾವನಿಗೆ ಬೆಂಗಳೂರಿನ ಒಂದು ಅಂಗಡಿಯವರು ತಾಮ್ರದ ಬಣ್ಣದ ಉಕ್ಕಿನ ಗುಂಡು ಮಾರಿದರು. ಅದರಿಂದ ಚೆನ್ನಾಗಿದ್ದ ರೈಫಲ್‌ನ ಬ್ಯಾರೆಲ್ ಹಾಳಾಯಿತು. ಹುಡುಗನ ಕಣ್ಣಿಗೆ ಏನೂ ಆಗಲಿಲ್ಲ ಅನ್ನುವುದೇ ನಮಗೆ ಸಮಾಧಾನ.

ಅಕ್ಕನ ಮಗ ಹೈಸ್ಕೂಲಿನಲ್ಲಿದ್ದಾನೆ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದಾಗಿನಿಂದ ಅವನಿಗೆ ಶೂಟಿಂಗ್ ಬಿಟ್ಟು ಬೇರೆ ಮಾತಿಲ್ಲ. ಶನಿವಾರ, ಭಾನುವಾರ ಅಕಾಡೆಮಿಗೆ ಹೋಗುತ್ತಾನೆ. ಮನೆಯಲ್ಲಿ ಅಭ್ಯಾಸ ಮಾಡಲಿ ಅಂತ ಭಾವ ಒಂದು ಸ್ಪ್ರಿಂಗ್ ರೈಫಲ್ ಕೊಡಿಸಿದ್ದರು. ಬ್ಯಾರೆಲ್ ಬಗ್ಗಿಸಿ ಲೋಡ್ ಮಾಡುವಂಥದ್ದು. 0.177 ಬೋರ್, ಅಂದರೆ ಬ್ಯಾರೆಲ್ ಒಳಗಿನ ಅಗಲ 4.5 ಮಿ.ಮೀ. ಈ ಬೋರ್‌ನಲ್ಲಿ ಗುಂಡಿನ ಶಕ್ತಿ 20 ಜೌಲ್ ಮೀರದ ಏರ್ ರೈಫಲ್‌ಗೆ ನಮ್ಮಲ್ಲಿ ಲೈಸೆನ್ಸ್ ಬೇಡ. ಕಲಿಯುವ ಮಕ್ಕಳಿಗೆ ಇದು ತುಂಬಾ ಅನುಕೂಲ. ಆದರೆ ಬಂದೂಕಿನ ಗಂಧಗಾಳಿ ಇಲ್ಲದವರೂ ಕೌಂಟರ್‌ನಲ್ಲಿ ನಿಂತು ಇದನ್ನು ಮಾರುತ್ತಾರೆ.

ಅಂಗಡಿ ಪೇಟೆ ಕಡೆಯದು. ಹೆಸರು ಬರೆಯುವುದಿಲ್ಲ. ಪೆಲೆಟ್ ಮುಗಿದಿದೆ ಅಂತ ಭಾವ ಹೋದಾಗ ಅಲ್ಲಿದ್ದವರು ಒಂದು ಪ್ಲಾಸ್ಟಿಕ್ ಬಾಟಲಿ ಮುಂದಿಟ್ಟರು.

"ಸೀಸ ಯಾಕೆ ಸಾರ್, ಮಕ್ಕಳ ಕೈಗೆ ಒಳ್ಳೇದಲ್ಲ. ಇದು ತಗೊಳ್ಳಿ. ಇದೂ 4.5. ಅರ್ಧ ರೇಟು. ಹೊಡೆದ ಮೇಲೆ ಆರಿಸ್ಕೊಂಡು ಮತ್ತೆ ಹಾಕಬಹುದು."

"ಬ್ಯಾರೆಲ್‌ಗೆ ಏನೂ ಆಗಲ್ವಾ?" ಅಂತ ಭಾವ ಕೇಳಿದರು.

"ಏನೂ ಆಗಲ್ಲ ಸಾರ್, ಬ್ಯಾರೆಲ್ಲೂ ಸ್ಟೀಲೇ ಅಲ್ವಾ."

ಬಿಲ್ಲಿನಲ್ಲಿ ಮಾತ್ರ "ಏರ್‌ಗನ್ ಪೆಲೆಟ್" ಅಂತ ಬರೆದುಕೊಟ್ಟರು.

ಮೊದಲು ಅನುಮಾನ ಬಂದದ್ದು ಹುಡುಗನಿಗೇ. "ಮಾಮ, ಗುಂಡು ಹಾಕಿ ಮೂತಿ ಕೆಳಗೆ ಮಾಡಿದ್ರೆ ತಾನೇ ಉರುಳಿ ಆಚೆ ಬೀಳುತ್ತೆ" ಅಂತ ನನಗೆ ಫೋನ್ ಮಾಡಿದ. ಸೀಸದ ಪೆಲೆಟ್ ಹಾಗೆ ಎಂದೂ ಬೀಳುವುದಿಲ್ಲ. ಬೆರಳಿನಿಂದ ಒತ್ತಿ ಕೂರಿಸಬೇಕು. ಬಿಬಿ ಅಂತ ಕರೆಯುವ ಈ ಉಕ್ಕಿನ ಗುಂಡುಗಳ ಬಾಟಲಿ ಮೇಲೆ 4.5 ಅಂತ ಬರೆದಿದ್ದರೂ ನಿಜವಾದ ಅಳತೆ ಸುಮಾರು 4.4 ಮಿ.ಮೀ. ಅಥವಾ ಅದಕ್ಕೂ ಕಡಿಮೆ. ಒಳಗೆ ನುಣುಪಾದ ಬ್ಯಾರೆಲ್ ಇರುವ ಬಿಬಿ ಗನ್‌ಗಳಿಗೆ ಅಂತಲೇ ಮಾಡಿದ ಗುಂಡು ಅದು. ಅಲ್ಲಿ ಹಾಕಿದರೆ ತೊಂದರೆ ಇಲ್ಲ.

ಆಮೇಲೆ ನಡೆದದ್ದು ಕೇಳಿ ಅಕ್ಕ ನಡುಗಿಹೋದಳು. ಕಾರ್ ಶೆಡ್ಡಿನ ಕೊನೆಯಲ್ಲಿ ಹೊಡೆದ ಗುಂಡು ತಡೆಯಲು ದಪ್ಪ ಕಬ್ಬಿಣದ ತಗಡಿನ ಪೆಲೆಟ್ ಟ್ರ್ಯಾಪ್ ಇಟ್ಟಿದ್ದರು. ಸೀಸ ಮೆತ್ತಗಿನ ಲೋಹ. ತಗಡಿಗೆ ಬಡಿದರೆ ಚಪ್ಪಟೆಯಾಗಿ ಅಲ್ಲೇ ಉದುರುತ್ತದೆ. ಉಕ್ಕು ಹಾಗಲ್ಲ, ಬಂದ ದಾರಿಯಲ್ಲೇ ವಾಪಸ್ ಬರುತ್ತದೆ. ಹುಡುಗ ಹೊಡೆದ ಗುಂಡು ತಗಡಿಗೆ ತಾಗಿ ತಿರುಗಿ ಬಂದು, ಅವನ ಪಕ್ಕದಲ್ಲೇ ನಿಲ್ಲಿಸಿದ್ದ ಸ್ಕೂಟರಿನ ಇಂಡಿಕೇಟರ್ ಗಾಜು ಒಡೆಯಿತು. ಗಾಜಿದ್ದ ಎತ್ತರ ಹೆಚ್ಚುಕಡಿಮೆ ಅವನ ತಂಗಿಯ ಮುಖದ ಎತ್ತರ. ಅವಳು ಆಗ ಒಳಗೆ ಊಟ ಮಾಡುತ್ತಿದ್ದಳು. ಕೋಚ್ ಕಟ್ಟುನಿಟ್ಟಾಗಿ ಹೇಳಿದ್ದರಿಂದ ಇವನು ಕನ್ನಡಕ ಹಾಕಿಕೊಂಡಿದ್ದ.

ಮತ್ತೆ ಸೀಸಕ್ಕೆ ಬದಲಾಯಿಸಿದರೂ ಗುರಿ ಸರಿಹೋಗಲಿಲ್ಲ. ಮೊದಲು ಹತ್ತು ಮೀಟರಿನಲ್ಲಿ ಅವನ ಐದು ಗುಂಡುಗಳು ಒಂದು ರೂಪಾಯಿ ನಾಣ್ಯದ ಅಗಲದಲ್ಲಿ ಬೀಳುತ್ತಿದ್ದವು. ಈಗ ಒಂದು ಮೇಲೆ, ಒಂದು ಎಡಕ್ಕೆ, ಒಂದು ಕಾಗದದ ಅಂಚಿಗೆ. ತನ್ನ ಕೈಯೇ ಕೆಟ್ಟಿತು ಅಂತ ಹುಡುಗ ಕುಗ್ಗಿಹೋದ. ನನಗೆ ಅತಿ ಹೆಚ್ಚು ಸಿಟ್ಟು ಬಂದದ್ದು ಇದಕ್ಕೆ. ಹತ್ತು ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಹತ್ತರ ಗುರುತು ಅಂದರೆ ಬರೀ ಅರ್ಧ ಮಿಲಿಮೀಟರಿನ ಚುಕ್ಕೆ. ಅದಕ್ಕಾಗಿ ಉಸಿರು ಹಿಡಿದು ಕಲಿಯುತ್ತಿರುವ ಮಗುವಿನ ಕೈಗೆ ಹಾಳಾದ ಬ್ಯಾರೆಲ್ ಕೊಟ್ಟರೆ, ಅದು ತಪ್ಪು ಹುಡುಕುವುದು ತನ್ನಲ್ಲೇ.

ಕೋಚ್ ರೈಫಲ್ ನೋಡಿ, ಶಿವಾಜಿನಗರದಲ್ಲಿ ಬಂದೂಕು ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಕಳಿಸಿದರು. ಅವರು ಬ್ಯಾರೆಲ್ ಬಗ್ಗಿಸಿ ಬಟ್ಟೆ ಚೂರು ಎಳೆದರು. ಅದರಲ್ಲಿ ತಾಮ್ರದ ಬಣ್ಣದ ಪುಡಿ ಬಂತು. ಆಮೇಲೆ ಹಿಂದಿನಿಂದ ಟಾರ್ಚ್ ಹಿಡಿದು "ಬನ್ನಿ, ನೀವೇ ನೋಡಿ" ಅಂದರು. ಏರ್ ರೈಫಲ್ ಬ್ಯಾರೆಲ್ ಒಳಗೆ ಸುರುಳಿಯಾಗಿ ಸಾಗುವ ಸಣ್ಣ ಗೀರುಗಳಿರುತ್ತವೆ. ಅದೇ ರೈಫ್ಲಿಂಗ್. ಚೆನ್ನಾಗಿರುವ ಬ್ಯಾರೆಲ್‌ನಲ್ಲಿ ಅದರ ಅಂಚು ಚೂಪಾಗಿ, ಉದ್ದಕ್ಕೂ ಒಂದೇ ಸಮ ಕಾಣುತ್ತದೆ. ನಮ್ಮದರಲ್ಲಿ ಅಂಚು ಅಲ್ಲಲ್ಲಿ ನಜ್ಜಾಗಿತ್ತು. ಮೂತಿಯ ಹತ್ತಿರ ಬಿಳಿ ಬಿಳಿ ಚುಕ್ಕೆ, ಅಡ್ಡ ಗೀರು. ಮೂತಿಯಲ್ಲಿ ಆದ ಗಾಯವೇ ಗುರಿಯನ್ನು ಜಾಸ್ತಿ ಕೆಡಿಸುತ್ತದೆ, ಗುಂಡು ಕೊನೆಗೆ ಬಿಟ್ಟುಹೋಗುವ ಜಾಗ ಅದೇ ಅಂತ ಅವರು ಹೇಳಿದರು.

"ಬ್ಯಾರೆಲ್ಲೂ ಸ್ಟೀಲೇ" ಅನ್ನುವ ಮಾತು ಎಷ್ಟು ಅಪಾಯದ್ದು ಅಂತ ಅಲ್ಲೇ ಗೊತ್ತಾಯಿತು. ಏರ್ ರೈಫಲ್ ಬ್ಯಾರೆಲ್‌ಗೆ ಸಾಮಾನ್ಯವಾಗಿ ಮೆತ್ತಗಿನ ಉಕ್ಕು ಹಾಕಿರುತ್ತಾರೆ. ಅದರಲ್ಲಿ ಹೋಗಬೇಕಾದದ್ದು ಸೀಸ, ಗಟ್ಟಿ ಉಕ್ಕು ಬೇಕಾಗಿಯೇ ಇಲ್ಲ. ಪೆಲೆಟ್‌ನ ಹಿಂಭಾಗ ತೆಳ್ಳಗೆ, ಟೊಳ್ಳಾಗಿರುತ್ತದೆ. ಗಾಳಿಯ ಒತ್ತಡಕ್ಕೆ ಅದು ಅಗಲವಾಗಿ ಗೀರುಗಳಲ್ಲಿ ಕಚ್ಚಿಕೊಂಡು ತಿರುಗುತ್ತಾ ಹೋಗುತ್ತದೆ. ಉಕ್ಕಿನ ಗುಂಡು ಅಗಲವಾಗುವುದಿಲ್ಲ, ಕಚ್ಚುವುದೂ ಇಲ್ಲ. ಆ ಕಡೆ ಈ ಕಡೆ ಬಡಿಯುತ್ತಾ ಓಡುತ್ತದೆ. ಆರಿಸಿ ಮತ್ತೆ ಹಾಕಿದ ಗುಂಡಾದರೆ ಮೈಯೆಲ್ಲ ತರಚಿರುತ್ತದೆ, ಇನ್ನೂ ಕೆಟ್ಟದ್ದು.

ಹಾಳಾದದ್ದು ಬ್ಯಾರೆಲ್ ಒಂದೇ ಅಲ್ಲ. ಪೆಲೆಟ್ ಬಿಗಿಯಾಗಿ ಕೂತಿದ್ದರೆ ಅದರ ಹಿಂದೆ ಗಾಳಿ ಒತ್ತಿಕೊಂಡು, ಸ್ಪ್ರಿಂಗ್ ತಳ್ಳುವ ಪಿಸ್ಟನ್‌ಗೆ ಮೆತ್ತೆಯ ಥರ ತಡೆ ಕೊಡುತ್ತದೆ. ಸಡಿಲ ಗುಂಡಿನ ಪಕ್ಕದಿಂದ ಗಾಳಿ ಸೋರಿಹೋಗಿ, ಪಿಸ್ಟನ್ ನೇರವಾಗಿ ಹೋಗಿ ಗುದ್ದುತ್ತದೆ. ಪೆಲೆಟ್ ಇಲ್ಲದೆ ಖಾಲಿ ಹೊಡೆದ ಹಾಗೇ ಅದು. ನಮ್ಮ ರೈಫಲ್‌ನ ವಾಷರ್ ಸೀಳಿತ್ತು, ಸ್ಪ್ರಿಂಗ್ ಸೊಟ್ಟಗಾಗಿತ್ತು. ಎಲ್ಲಾ ಸೇರಿ ರಿಪೇರಿ ಖರ್ಚು ರೈಫಲ್ ಬೆಲೆಯ ಅರ್ಧಕ್ಕೆ ಹತ್ತಿರ ಬಂತು.

ಭಾವನ ಜೊತೆ ನಾನೂ ಅಂಗಡಿಗೆ ಹೋದೆ. ಅವರ ವಾದ ಹೀಗಿತ್ತು: "ಅಮೆರಿಕದಲ್ಲಿ ನಿಜವಾದ ಬಂದೂಕಿಗೇ ಸ್ಟೀಲ್ ತೋಟಾ ಹಾಕ್ತಾರೆ ಸಾರ್, ಯೂಟ್ಯೂಬ್ ನೋಡಿ, ಏನೂ ಆಗಲ್ಲ." ಈ ಮಾತು ಬೇರೆ ಕಡೆಯೂ ಕೇಳಿದ್ದೇನೆ, ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತೇನೆ. 2021ರಲ್ಲಿ ಆಮದಿಗೆ ನಿರ್ಬಂಧ ಬರುವ ಮೊದಲು ಅಲ್ಲಿ ಧಾರಾಳವಾಗಿ ಸಿಗುತ್ತಿದ್ದ ಅಗ್ಗದ ರಷ್ಯನ್ ತೋಟಾಗಳಲ್ಲಿ ಉಕ್ಕಿನದು ಮದ್ದು ತುಂಬಿದ ಹೊರಗಿನ ಕೇಸು. ಹಿತ್ತಾಳೆ ಬದಲು ಮೆತ್ತಗಿನ ಉಕ್ಕು, ಮೇಲೆ ಲ್ಯಾಕರ್ ಅಥವಾ ಪಾಲಿಮರ್ ಲೇಪನ. ಕೇಸು ಬ್ಯಾರೆಲ್ ಒಳಗೆ ಹೋಗುವುದೇ ಇಲ್ಲ, ಹಿಂದೆ ಉಳಿದು ಹೊರಗೆ ಬೀಳುತ್ತದೆ. ಹಿತ್ತಾಳೆಯಷ್ಟು ಹಿಗ್ಗಿ ಸುಟ್ಟ ಮದ್ದಿನ ಅನಿಲ ತಡೆಯುವುದಿಲ್ಲವಾದ್ದರಿಂದ ಮಸಿ ಜಾಸ್ತಿ ಕಟ್ಟುತ್ತದೆ, ಅಷ್ಟೇ. ಬ್ಯಾರೆಲ್ ಸವೆಸುವುದು ಅದರ ಮುಂದಿರುವ ಗುಂಡು. ಇಂಥ ಅಗ್ಗದ ಗುಂಡುಗಳಲ್ಲಿ ಬಹಳಷ್ಟಕ್ಕೆ ಶುದ್ಧ ತಾಮ್ರದ ಹೊದಿಕೆ ಇರುವುದಿಲ್ಲ. ಉಕ್ಕಿನ ಹೊದಿಕೆ, ಮೇಲೆ ತೆಳ್ಳಗೆ ತಾಮ್ರ.

2013ರಲ್ಲಿ ಅಮೆರಿಕದ ಲಕ್ಕಿ ಗನ್ನರ್ ಅನ್ನುವ ಗುಂಡು ಮಾರುವ ಕಂಪನಿಯೇ ಒಂದು ಪರೀಕ್ಷೆ ಮಾಡಿ ಪ್ರಕಟಿಸಿತು. ಒಂದೇ ಥರದ ರೈಫಲ್‌ಗಳಲ್ಲಿ ತಲಾ 10,000 ಗುಂಡು ಹೊಡೆಯುವ ಗುರಿ. ಹಿತ್ತಾಳೆ ಕೇಸು, ತಾಮ್ರದ ಹೊದಿಕೆಯ ಗುಂಡು ಹೊಡೆದ ಬ್ಯಾರೆಲ್‌ಗಿಂತ ಉಕ್ಕಿನ ಕೇಸಿನ ತೋಟಾ ಹೊಡೆದವು ಬಹಳ ಬೇಗ ಸವೆದವು. ಕಾರಣ ಉಕ್ಕು ಬೆರೆತ ಹೊದಿಕೆ. ಆದರೂ ಅಲ್ಲಿ ಅಗ್ಗದ ತೋಟಾ ಕೊಂಡು ಉಳಿಸಿದ ದುಡ್ಡಿನಲ್ಲಿ ಹೊಸ ಬ್ಯಾರೆಲ್ ಹಾಕಿಸಿದರೂ ಆಗ ಲೆಕ್ಕ ಸರಿಹೋಗುತ್ತಿತ್ತು. ಅವರು ಸಾವಿರಗಟ್ಟಲೆ ಹೊಡೆಯುತ್ತಾರೆ, ಬ್ಯಾರೆಲ್ ಸುಲಭವಾಗಿ ಸಿಗುತ್ತದೆ. ನಾವು ಇಲ್ಲಿ ಉಳಿಸುವುದು ಕೆಲವು ನೂರು ರೂಪಾಯಿ, ಬ್ಯಾರೆಲ್‌ಗೆ ವಾರಗಟ್ಟಲೆ ಕಾಯಬೇಕು. ಅದಕ್ಕಿಂತ ಮುಖ್ಯ, ಏರ್ ರೈಫಲ್‌ನಲ್ಲಿ ಕೇಸೇ ಇಲ್ಲ. ನಾವು ಹಾಕಿದ್ದೆಲ್ಲ ಬ್ಯಾರೆಲ್ ಉದ್ದಕ್ಕೂ ಉಜ್ಜಿಕೊಂಡೇ ಹೋಗಬೇಕು.

ಅಮೆರಿಕದ ಎಷ್ಟೋ ರೇಂಜ್‌ಗಳಲ್ಲಿ ಒಳಗೆ ಬಿಡುವ ಮೊದಲು ಗುಂಡಿಗೆ ಅಯಸ್ಕಾಂತ ಹಿಡಿಯುತ್ತಾರೆ. ಅಂಟಿದರೆ ವಾಪಸ್. ನೀವೂ ಇದನ್ನೇ ಮಾಡಿ. ಫ್ರಿಜ್ ಮೇಲಿನ ಅಯಸ್ಕಾಂತ ಜೇಬಿನಲ್ಲಿ ಹಾಕಿಕೊಂಡು ಹೋಗಿ, ಅಂಗಡಿಯಲ್ಲೇ ಡಬ್ಬ ತೆರೆಸಿ ಹಿಡಿಯಿರಿ. ಸೀಸ ಅಂಟುವುದಿಲ್ಲ. ಅಂತರರಾಷ್ಟ್ರೀಯ ಶೂಟಿಂಗ್ ನಿಯಮದಲ್ಲೂ ಸೀಸ ಅಥವಾ ಅದರಂಥ ಮೆತ್ತಗಿನ ಗುಂಡಿಗೆ ಮಾತ್ರ ಅವಕಾಶ. ಕೈಗೆ ಒಳ್ಳೇದಲ್ಲ ಅನ್ನುವುದು ನಿಜ. ಅದಕ್ಕೆ ಪರಿಹಾರ ಸೋಪು ಹಾಕಿ ಕೈ ತೊಳೆಯುವುದು, ಮುಟ್ಟಿದ ಕೈಯಲ್ಲಿ ತಿನ್ನದೆ ಇರುವುದು. ಸೆಕೆಂಡ್ ಹ್ಯಾಂಡ್ ರೈಫಲ್ ಕೊಳ್ಳುವವರು ಬ್ಯಾರೆಲ್ ಬಗ್ಗಿಸಿ ಟಾರ್ಚ್ ಹಿಡಿದು ನೋಡದೆ ದುಡ್ಡು ಕೊಡಲೇಬೇಡಿ.

ಅಂಗಡಿಯವರು ಕೊನೆಗೂ ಒಂದು ಪೈಸೆ ಕೊಡಲಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇವೆ. ಪೆಲೆಟ್ ಅಂತ ಬರೆದು ಬಿಬಿ ಕೊಟ್ಟ ಆ ಬಿಲ್ಲೇ ನಮ್ಮ ಕೈಯಲ್ಲಿರುವ ಗಟ್ಟಿ ಸಾಕ್ಷಿ. ನಿಮಗೂ ಹೀಗೇ ಆಗಿದ್ದರೆ ಬಿಲ್ಲು, ಬಾಟಲಿ, ಬಿಚ್ಚಿ ತೆಗೆದ ಹಳೇ ಬ್ಯಾರೆಲ್ ಯಾವುದನ್ನೂ ಗುಜರಿಗೆ ಹಾಕಬೇಡಿ. ರಿಪೇರಿಯವರಿಂದ ಏನು ಹಾಳಾಗಿದೆ ಅಂತ ಬರೆಸಿಕೊಂಡು ಅದರ ಜೊತೆಗೇ ಇಟ್ಟುಕೊಳ್ಳಿ.