ಕಾರಿನ ಲಿಂಕ್ ರಾಡ್: ಜೆನ್ಯೂಯಿನ್, ಬ್ರಾಂಡೆಡ್, ಲೋಕಲ್ – ಯಾವುದನ್ನು ಹಾಕಿಸಬೇಕು?

ಮುಂದಿನ ಚಕ್ರದ ಕಡೆಯಿಂದ ‘ಟಕ್ ಟಕ್’ ಸದ್ದು ಬಂದರೆ ಗ್ಯಾರೇಜಿನಲ್ಲಿ ಮೊದಲು ಕೇಳುವ ಮಾತು ‘ಲಿಂಕ್ ರಾಡ್ ಹೋಗಿದೆ ಸಾರ್’. ಬಹಳ ಸಲ ಅದು ನಿಜವೇ. ಆದರೆ ಲಿಂಕ್ ಬದಲಿಸಿದ ಮೇಲೂ ಸದ್ದು ಹಾಗೇ ಉಳಿದ ಕಾರುಗಳಿವೆ, ಹೊಸ ಲಿಂಕ್ ಒಂದೇ ಮಳೆಗಾಲಕ್ಕೆ ಸತ್ತ ಕಾರುಗಳೂ ಇವೆ. ಮೊದಲನೆಯದರಲ್ಲಿ ಪರೀಕ್ಷೆ ಸರಿ ಮಾಡಿರುವುದಿಲ್ಲ. ಎರಡನೆಯದರಲ್ಲಿ ಎಲ್ಲರೂ ಮಾಲನ್ನು ಬೈಯುತ್ತಾರೆ, ಕೂರಿಸಿದ ಕೈಯನ್ನು ಯಾರೂ ಕೇಳುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿ ಸೇರಿರುವ ಸಸ್ಪೆನ್ಷನ್) ಇರುವ ಕಾರುಗಳ ಮುಂದಿನ ಲಿಂಕ್ ಬಗ್ಗೆ: ಐ20, ವರ್ನಾ, ಸ್ವಿಫ್ಟ್, ಪೋಲೋ, ಕೊರೊಲ್ಲಾ ತರಹದವು. ತಿರುವಿನಲ್ಲಿ ಕಾರು ಹೆಚ್ಚು ವಾಲದಂತೆ ತಡೆಯುವ ಅಡ್ಡ ಸಲಾಕೆ ಸ್ಟೆಬಿಲೈಜರ್ ಬಾರ್. ಅದರ ತುದಿಯನ್ನು ಸ್ಟ್ರಟ್ಟಿಗೆ ಸೇರಿಸುವ, ಎರಡೂ ತುದಿಗೆ ಬಾಲ್ ಜಾಯಿಂಟ್ (ಗೂಡಿನೊಳಗೆ ಗುಂಡು ತಿರುಗುವ ಕೀಲು) ಇರುವ ಸಣ್ಣ ಕಡ್ಡಿಯೇ ಲಿಂಕ್ ರಾಡ್. ಮಾರುತಿ 800, ಹಳೆಯ ಆಲ್ಟೋ ಇಟ್ಟುಕೊಂಡವರು ಇದನ್ನು ಹುಡುಕಬೇಕಿಲ್ಲ. ಅವುಗಳಲ್ಲಿ ಬಾರಿನ ತುದಿಯೇ ನೇರ ಲೋಯರ್ ಆರ್ಮಿಗೆ (ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ತೋಳು) ಹೋಗಿ ಬುಷ್‌ನಲ್ಲಿ, ಅಂದರೆ ರಬ್ಬರ್ ಬಳೆಯಲ್ಲಿ, ಕೂರುತ್ತದೆ. ಹಾಗೆಯೇ ಹಿಂದೆ ಟಾರ್ಷನ್ ಬೀಮ್ (ಎರಡೂ ಹಿಂಚಕ್ರ ಸೇರಿಸುವ ಒಂದೇ ತೊಲೆ) ಇರುವ ಹ್ಯಾಚ್‌ಬ್ಯಾಕ್‌ಗಳಲ್ಲಿ ಹಿಂದುಗಡೆಯ ಸದ್ದಿಗೆ ಲಿಂಕ್ ರಾಡನ್ನು ದೂರಿದರೆ ನಂಬಬೇಡಿ, ಅಲ್ಲಿ ಸಾಮಾನ್ಯವಾಗಿ ಲಿಂಕೇ ಇರುವುದಿಲ್ಲ.

ಸದ್ದು ಲಿಂಕಿನದೇ ಹೌದಾ?

ಎರಡೂ ಚಕ್ರ ಒಟ್ಟಿಗೆ ಮೇಲೆದ್ದು ಒಟ್ಟಿಗೆ ಇಳಿದರೆ ಸ್ಟೆಬಿಲೈಜರ್ ಬಾರ್ ತಿರುಚಿಕೊಳ್ಳುವುದಿಲ್ಲ, ಲಿಂಕಿನ ಮೇಲೆ ಹೊರೆಯೂ ಬೀಳುವುದಿಲ್ಲ. ಒಂದು ಚಕ್ರ ಮಾತ್ರ ಗುಂಡಿಗೆ ಇಳಿದಾಗಲೇ ಅದಕ್ಕೆ ಕೆಲಸ. ಆದ್ದರಿಂದ ಒಂದು ಹಂಪನ್ನು ಮೊದಲು ನೇರವಾಗಿ, ಆಮೇಲೆ ಓರೆಯಾಗಿ ನಿಧಾನಕ್ಕೆ ದಾಟಿ ನೋಡಿ. ನೇರ ದಾಟಿದಾಗ ಸುಮ್ಮನಿದ್ದು ಓರೆ ದಾಟಿದಾಗ ಟಕ್ ಎಂದರೆ ಲಿಂಕ್ ಮೇಲೆ ಅನುಮಾನ ಗಟ್ಟಿ. ನೇರ ದಾಟಿದಾಗಲೂ ಧಡ್ ಎಂದರೆ ಶಾಕ್ ಅಬ್ಸಾರ್ಬರ್ ಅಥವಾ ಸ್ಟ್ರಟ್ ಮೌಂಟ್ (ಸ್ಟ್ರಟ್ಟಿನ ಮೇಲ್ತುದಿಯನ್ನು ಬಾಡಿಗೆ ಹಿಡಿಸುವ ಭಾಗ) ನೋಡಬೇಕು. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಸದ್ದಾದರೆ ಮೌಂಟ್ ಬೇರಿಂಗ್, ಬ್ರೇಕ್ ಒತ್ತಿದಾಗ ಒಮ್ಮೆ ಧಡ್ ಎಂದರೆ ಆರ್ಮ್ ಬುಷ್. ಕೀಚಲು ದನಿ ಬಂದರೆ ಬಾರನ್ನು ಹಿಡಿದಿಡುವ ಡಿ-ಬುಷ್ ಒಣಗಿರುತ್ತದೆ.

ಕೆಳಗಿನಿಂದ ನೋಡುವ ಮೂರು ರೀತಿಗಳಿವೆ, ಮೂರಕ್ಕೂ ಒಂದೇ ಬೆಲೆ ಅಲ್ಲ.

ಒಂದು ಕಡೆ ಜ್ಯಾಕ್ ಕೊಟ್ಟು ಲಿಂಕ್ ಹಿಡಿದು ಅಲ್ಲಾಡಿಸುವುದು ಹೆಚ್ಚು ಜನ ಮಾಡುವ ಪರೀಕ್ಷೆ, ಇರುವುದರಲ್ಲಿ ಅತಿ ಕೆಟ್ಟದ್ದು ಕೂಡ. ಒಂದು ಚಕ್ರ ಜೋತುಬಿದ್ದರೆ ಬಾರ್ ತಿರುಚಿಕೊಂಡು ಬಾಲನ್ನು ಗೂಡಿನ ಒಂದು ಬದಿಗೆ ಒತ್ತಿ ಹಿಡಿಯುತ್ತದೆ. ಪ್ಲೇ (ಸವೆದು ಬಂದ ಸಡಿಲ) ಇದ್ದರೂ ಕೈಗೆ ಸಿಗುವುದಿಲ್ಲ, ‘ಟೈಟ್ ಇದೆ ಸಾರ್’ ಎಂಬ ಉತ್ತರ ಬರುತ್ತದೆ. ಎರಡೂ ಕಡೆ ಸಮನಾಗಿ ಎತ್ತಿ, ಅಥವಾ ಕಾರು ನಾಲ್ಕೂ ಚಕ್ರದ ಮೇಲೆ ನಿಂತಿರುವಾಗ ಪಿಟ್ಟಿನೊಳಗೆ ಇಳಿದು ಮಾಡಿದರೆ ಇದೇ ಪರೀಕ್ಷೆ ಚೆನ್ನಾಗಿ ಕೆಲಸ ಮಾಡುತ್ತದೆ. ಒಬ್ಬರು ಕಾರಿನ ಛಾವಣಿ ಹಿಡಿದು ಅಡ್ಡಡ್ಡ ಅಲ್ಲಾಡಿಸುತ್ತಿರಲಿ, ಇನ್ನೊಬ್ಬರು ಜಾಯಿಂಟ್ ಮೇಲೆ ಬೆರಳಿಟ್ಟಿರಲಿ. ಸವೆದ ಬಾಲ್ ಹೊಡೆಯುವ ಸಣ್ಣ ಏಟು ಕಿವಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ.

ಪ್ರೈ ಬಾರ್ (ಮೀಟುಗೋಲು) ಹಾಕಿ ಮೀಟುವುದು ಆರ್ಮ್ ಬುಷ್‌ಗೆ ಸರಿ, ಲಿಂಕಿಗೆ ಅಷ್ಟಾಗಿ ಒಗ್ಗುವುದಿಲ್ಲ. ಮೀಟುವ ಭರದಲ್ಲಿ ಜಾಯಿಂಟಿಗೆ ನೀರು, ಮಣ್ಣು ಹೋಗದಂತೆ ಮುಚ್ಚಿರುವ ರಬ್ಬರ್ ಬೂಟು ಚೆನ್ನಾಗಿದ್ದರೂ ಹರಿಯುತ್ತದೆ. ಅದೇ ಪ್ರೈ ಬಾರಿನಿಂದ ಲೋಯರ್ ಆರ್ಮಿನ ಬಾಲ್ ಜಾಯಿಂಟನ್ನು ಮಾತ್ರ ಖಂಡಿತ ನೋಡಿ. ಲಿಂಕ್ ಹೋದರೆ ತಿರುವಿನಲ್ಲಿ ಕಾರು ಹೆಚ್ಚು ವಾಲುತ್ತದೆ, ಸದ್ದು ಮಾಡುತ್ತದೆ. ಆ ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ಮಡಚಿಕೊಳ್ಳುತ್ತದೆ. ಸದ್ದು ಎರಡರದ್ದೂ ಹೆಚ್ಚುಕಡಿಮೆ ಒಂದೇ.

ಮೂರನೆಯದು ಲಿಂಕನ್ನೇ ಕಳಚಿ ಓಡಿಸಿ ನೋಡುವುದು. ಇದಕ್ಕಿಂತ ನಂಬಿಕೆಯ ಪರೀಕ್ಷೆ ಇಲ್ಲ. ಎರಡೂ ಲಿಂಕ್ ತೆಗೆದು, ಬಾರಿನ ತುದಿಗಳು ಡ್ರೈವ್ ಶಾಫ್ಟಿಗಾಗಲಿ ಬ್ರೇಕ್ ಹೋಸಿಗಾಗಲಿ ತಾಗದಂತೆ ದಪ್ಪ ಕೇಬಲ್ ಟೈ ಬಿಗಿದು, ಅದೇ ಕೆಟ್ಟ ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ಒಳಗೆ ಹೋಗಿ ಬನ್ನಿ. ಸದ್ದು ನಿಂತಿತೋ, ತೀರ್ಮಾನವಾಯಿತು. ಹಾಗೇ ಇದ್ದರೆ ಲಿಂಕಿಗೆ ದುಡ್ಡು ಹಾಕಬೇಡಿ. ಒಂದೇ ಕಡೆಯ ಲಿಂಕ್ ಬಿಚ್ಚಿ ‘ಈ ಕಡೆಯದೇ ಹೋಗಿತ್ತು’ ಎನ್ನುವವರಿದ್ದಾರೆ. ಒಂದು ತುದಿ ಬಿಟ್ಟರೆ ಬಾರಿಗೆ ಹೊರೆಯೇ ಇಲ್ಲವಾಗಿ ಇನ್ನೊಂದು ಕಡೆಯ ಸದ್ದೂ ಅಡಗುತ್ತದೆ. ಯಾವ ಕಡೆಯದು ಎಂಬುದಕ್ಕೆ ಬಿಚ್ಚಿದ ಲಿಂಕನ್ನು ಕೈಯಲ್ಲಿ ಹಿಡಿದು ನೋಡಿ: ಸ್ಟಡ್ಡನ್ನು (ಬಾಲಿನಿಂದ ಹೊರಬಂದ ಬೋಲ್ಟಿನಂಥ ಕಡ್ಡಿ) ಒಂದು ಕಡೆಗೆ ವಾಲಿಸಿ ಬಿಟ್ಟಾಗ ತನ್ನ ಭಾರಕ್ಕೇ ಬಿದ್ದುಹೋದರೆ ಸವೆದಿದೆ.

ಅಂಥ ಒಂದರ ಬೂಟು ಕುಯ್ದು ನೋಡಿದರೆ ಕಥೆ ಪೂರ್ತಿ ಕಾಣುತ್ತದೆ. ಗ್ರೀಸ್ ಇರಬೇಕಾದ ಕಡೆ ಮಣ್ಣು ಕಲೆಸಿದ ಕಂದು ಗಸಿ, ಹೊಳೆಯಬೇಕಾದ ಬಾಲ್ ಮೇಲೆ ತುಕ್ಕಿನ ಚುಕ್ಕಿ, ಒಳಗಿನ ಪ್ಲಾಸ್ಟಿಕ್ ಗೂಡು ಒಂದೇ ದಿಕ್ಕಿಗೆ ಉದ್ದುದ್ದ ಸವೆದು ಮೊಟ್ಟೆಯಾಕಾರ. ನೀರು ಒಳಗೆ ಹೋದ ದಿನವೇ ಅದರ ಆಯುಷ್ಯ ಮುಗಿದಿರುತ್ತದೆ, ಸದ್ದು ಆಮೇಲೆ ಬರುತ್ತದೆ.

ಮೂರು ಬಗೆಯ ಮಾಲು

ಜೆನ್ಯೂಯಿನ್: ಕಾರು ಕಂಪನಿಯ ಹೆಸರಿನಲ್ಲೇ ಬರುವ ಮಾಲು. ಹ್ಯುಂಡೈಗೆ ಮೊಬಿಸ್, ಮಾರುತಿಗೆ ಎಂಜಿಪಿ (ಮಾರುತಿ ಜೆನ್ಯೂಯಿನ್ ಪಾರ್ಟ್ಸ್) ಪೆಟ್ಟಿಗೆ. ಇದರ ದೊಡ್ಡ ಗುಣ ಅಳತೆ. ಚಾಸಿಸ್ ನಂಬರ್ ಕೊಟ್ಟರೆ ನಿಮ್ಮ ಗಾಡಿಯದೇ ಪಾರ್ಟ್ ನಂಬರ್ ಬರುತ್ತದೆ. ಒಂದೇ ಹೆಸರಿನ ಕಾರಿನಲ್ಲೂ ಹಳೆ ಮಾದರಿ, ಹೊಸ ಮಾದರಿಗೆ ಲಿಂಕಿನ ಉದ್ದ ಬೇರೆ ಇರುವುದುಂಟು, ಹಾಗಾಗಿ ಇದು ಸಣ್ಣ ಲಾಭವಲ್ಲ. ಹಾಕಿದ ಮೇಲೆ ಕಾರು ಹೊಸದಾಗಿದ್ದಾಗ ಹೇಗಿತ್ತೋ ಹಾಗಿರುತ್ತದೆ, ಅದಕ್ಕಿಂತ ಹೆಚ್ಚೂ ಇಲ್ಲ. ತೊಂದರೆ ಬೆಲೆಯದ್ದು, ಜೊತೆಗೆ ಪೆಟ್ಟಿಗೆ ಮಾತ್ರ ಜೆನ್ಯೂಯಿನ್ ಇರುವ ನಕಲಿ ಮಾಲಿನದ್ದು. ಅಧಿಕೃತ ಕೌಂಟರಿನಲ್ಲಿ ಬಿಲ್ ಹಾಕಿಸಿಕೊಳ್ಳದಿದ್ದರೆ ‘ಜೆನ್ಯೂಯಿನ್’ ಎಂಬ ಮಾತಿಗೆ ಹೆಚ್ಚಿನ ದುಡ್ಡು ಕೊಡುವ ಅಗತ್ಯ ಇಲ್ಲ.

ಬ್ರಾಂಡೆಡ್: ಹೆಸರಾಂತ ಬಿಡಿಭಾಗ ಕಂಪನಿಗಳ ಮಾಲು. ಕೊರಿಯಾದ ಕಾರುಗಳಿಗೆ ಸಿಟಿಆರ್, ಜಪಾನಿನವಕ್ಕೆ 555 ಎಂಬ ಬ್ರಾಂಡ್, ಜರ್ಮನಿಯವಕ್ಕೆ ಲೆಮ್‌ಫೋರ್ಡರ್ ಅಥವಾ ಟಿಆರ್‌ಡಬ್ಲ್ಯೂ. ಇವರಲ್ಲಿ ಹಲವರು ಕಾರು ಕಂಪನಿಗಳಿಗೇ ಮಾಲು ಕೊಡುವವರು. ಬೂಟಿನ ರಬ್ಬರ್, ಕತ್ತಿನ ರಿಂಗು, ಬಾಲಿನ ಬಿಗಿ ಯಾವುದರಲ್ಲೂ ಜೆನ್ಯೂಯಿನ್‌ಗೆ ಕಡಿಮೆ ಕಾಣುವುದಿಲ್ಲ, ಬೆಲೆ ಕಡಿಮೆ. ಹೆಚ್ಚು ಜನರಿಗೆ ನಾನು ಹೇಳುವುದು ಇದನ್ನೇ. ಜರ್ಮನಿಯ ಮೈಲೆ ಕಂಪನಿಯ ಎಚ್‌ಡಿ ಸಾಲಿನ ಲಿಂಕ್ ಸಿಕ್ಕರೆ ಬಾಲ್ ದಪ್ಪ ಇರುತ್ತದೆ, ಕಂಪನಿ ನಾಲ್ಕು ವರ್ಷದ ಗ್ಯಾರಂಟಿ ಹೇಳುತ್ತದೆ. ಗುಂಡಿ ರಸ್ತೆಯಲ್ಲೇ ದಿನ ಕಳೆಯುವ ಯೂರೋಪಿನ ಕಾರಿಗೆ ಒಳ್ಳೆಯದು, ಆದರೆ ನಮ್ಮಲ್ಲಿ ಎಲ್ಲ ಮಾದರಿಗೂ ಸಿಗುವುದಿಲ್ಲ. ಬ್ರಾಂಡೆಡ್‌ನಲ್ಲಿ ಎಡವುವುದು ಅಳತೆಯಲ್ಲಿ. ಅಂಗಡಿಯವರು ಕ್ಯಾಟಲಾಗ್ ನೋಡದೆ ನೆನಪಿನಿಂದ ಕೊಟ್ಟರೆ ಹತ್ತು ಮಿ.ಮೀ. ಉದ್ದದ್ದು ಕೈಗೆ ಬರಬಹುದು. ಹಳೆಯದನ್ನು ಪಕ್ಕಕ್ಕಿಟ್ಟು ಸ್ಟಡ್ಡಿನಿಂದ ಸ್ಟಡ್ಡಿಗೆ ಅಳೆದು, ಎರಡೂ ಸ್ಟಡ್ಡಿನ ಮುಖ ಯಾವ ಕಡೆಗಿದೆ ಎಂದು ನೋಡಿಯೇ ತನ್ನಿ. ಕೆಲವು ಕಾರಿಗೆ ಎಡ-ಬಲ ಬೇರೆ ಬೇರೆ.

ಲೋಕಲ್: ಪ್ಲಾಸ್ಟಿಕ್ ಕವರಿನಲ್ಲಿ ಹೆಸರಿಲ್ಲದೆ ಬರುವುದು. ಹಾಕಿದ ಮೊದಲ ವಾರ ಮೂರಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ, ಮೋಸ ಹೋಗುವುದೂ ಅದಕ್ಕೇ. ಮೊದಲು ಸಾಯುವುದು ಬೂಟು: ರಬ್ಬರ್ ಗಟ್ಟಿಯಾಗಿ ಕತ್ತಿನ ಹತ್ತಿರ ಬಿರಿಯುತ್ತದೆ, ಮಳೆಗಾಲದ ನೀರು ಉಳಿದದ್ದನ್ನು ಮುಗಿಸುತ್ತದೆ. ಮಲೆನಾಡಿನ ಕೆಸರು, ಕರಾವಳಿಯ ಉಪ್ಪುಗಾಳಿ ಕಂಡ ಗಾಡಿಯಲ್ಲಂತೂ ಬೇಗ. ಸ್ಟಡ್ ಸ್ವಲ್ಪ ಸಣ್ಣದಿದ್ದು ಬ್ರಾಕೆಟ್ ತೂತಿನಲ್ಲಿ ಸಡಿಲ ಕೂರುವುದೂ ಇದೆ. ಆಗ ಎಷ್ಟು ಬಿಗಿದರೂ ಜಾರಿ ಜಾರಿ ತೂತು ಅಗಲವಾಗುತ್ತದೆ, ಉಳಿಸಿದ ದುಡ್ಡಿಗೆ ಸ್ಟ್ರಟ್ ಬಲಿ. ಲೇಬರ್ ಎರಡು ಸಲ ಕೊಡುವ ಲೆಕ್ಕ ಹಾಕಿದರೆ ಇದು ಅಗ್ಗವೇ ಅಲ್ಲ. ದಾರಿಯಲ್ಲಿ ಲಿಂಕ್ ಮುರಿದು ಸಣ್ಣ ಊರಿನಲ್ಲಿ ಬೇರೆ ಗತಿಯಿಲ್ಲದಿದ್ದರೆ ಹಾಕಿಕೊಂಡು ಮನೆ ಸೇರಿ, ಅಷ್ಟಕ್ಕೆ ಸಾಕು.

ಅಂಗಡಿಯ ಕೌಂಟರಿನಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಸ್ಟಡ್ಡನ್ನು ಬೆರಳಿನಿಂದ ವಾಲಿಸಿ. ಹೊಸದು ಕಷ್ಟಪಟ್ಟು, ಎಲ್ಲ ದಿಕ್ಕಿಗೂ ಒಂದೇ ಬಿಗಿಯಲ್ಲಿ ಸರಿಯಬೇಕು, ಬಿಟ್ಟಲ್ಲೇ ನಿಲ್ಲಬೇಕು. ಹಿಡಿದು ಹಿಡಿದು ಜಗ್ಗಿದಂತಾದರೆ, ಅಥವಾ ಸಲೀಸಾಗಿ ತಿರುಗಿದರೆ ವಾಪಸ್ ಕೊಡಿ. ಬೂಟಿನ ಮೇಲೂ ಕೆಳಗೂ ರಿಂಗು ಇದೆಯೇ, ಜೊತೆಗೆ ಹೊಸ ಲಾಕ್ ನಟ್ಟು (ತಾನಾಗಿ ಸಡಿಲವಾಗದ ನಟ್ಟು) ಇದೆಯೇ ಎಂದೂ ನೋಡಿ.

ಪ್ಲಾಸ್ಟಿಕ್ ಕಡ್ಡಿ ಕಂಡು ಹೆದರಿ ಕಬ್ಬಿಣದ್ದೇ ಬೇಕು ಎನ್ನುವವರಿದ್ದಾರೆ. ಗ್ಲಾಸ್ ಫೈಬರ್ ಬೆರೆಸಿದ ನೈಲಾನ್ ಕಡ್ಡಿ ಎಷ್ಟೋ ಕಾರುಗಳಲ್ಲಿ ಕಂಪನಿಯಿಂದಲೇ ಬರುತ್ತದೆ. ಅದಕ್ಕೆ ತುಕ್ಕಿಲ್ಲ, ಮಾಮೂಲಿ ಓಡಾಟದಲ್ಲಿ ಮುರಿಯುವುದೂ ಇಲ್ಲ. ಸವೆಯುವುದು ಜಾಯಿಂಟು, ಕಡ್ಡಿಯಲ್ಲ. ಗ್ರೀಸ್ ನಿಪ್ಪಲ್ ಇರುವ ಲಿಂಕ್ ಬಗ್ಗೆಯೂ ಇದೇ ಮಾತು: ಸರ್ವಿಸ್‌ಗೊಮ್ಮೆ ತಪ್ಪದೆ ಗ್ರೀಸ್ ಹೊಡೆಯುವವರಿಗೆ ಚೆನ್ನ, ಹೊಡೆದಾಗ ಒಳಗಿನ ನೀರು, ಕೊಳೆ ಹೊರಗೆ ಬರುತ್ತದೆ. ಮರೆಯುವವರಿಗೆ ಸೀಲ್ಡ್ ಜಾಯಿಂಟೇ ಒಳ್ಳೆಯದು.

ಬಿಚ್ಚುವುದು, ಕೂರಿಸುವುದು

ಸಮತಟ್ಟು ಜಾಗ, ಹ್ಯಾಂಡ್ ಬ್ರೇಕ್, ಹಿಂದಿನ ಚಕ್ರಕ್ಕೆ ಅಡ್ಡಗಲ್ಲು. ಮುಂದಿನ ಎರಡೂ ಕಡೆ ಎತ್ತಿ ಸ್ಟ್ಯಾಂಡ್ ಕೊಡಿ. ಬರೀ ಜ್ಯಾಕ್ ನಂಬಿ ಕೈ ಒಳಗೆ ಹಾಕಬೇಡಿ. ಎರಡೂ ಕಡೆ ಎತ್ತಿದರೆ ಬಾರಿನ ಬಿಗಿ ಹೋಗಿ ಲಿಂಕ್ ಸಲೀಸಾಗಿ ಹೊರಬರುತ್ತದೆ. ಒಂದೇ ಕಡೆ ಎತ್ತಿದ್ದರೆ ಹೊಸ ಲಿಂಕಿನ ಸ್ಟಡ್ ತೂತಿಗೆ ಸೇರದೆ ಪರದಾಡುವುದು ಖಾತ್ರಿ.

ನಟ್ಟು ಸಾಮಾನ್ಯವಾಗಿ 14ರಿಂದ 18 ಮಿ.ಮೀ.ವರೆಗಿನದು. ನಟ್ಟು ತಿರುಗಿಸಿದಾಗ ಸ್ಟಡ್ಡೂ ಜೊತೆಗೆ ತಿರುಗುತ್ತದೆ, ಅದನ್ನು ತಡೆಯಲು ಸ್ಟಡ್ ತುದಿಯಲ್ಲಿ ಆಲನ್ ಕೀ ತೂತು ಇರುತ್ತದೆ, ಹೆಚ್ಚಾಗಿ 5 ಅಥವಾ 6 ಮಿ.ಮೀ. ಯೂರೋಪಿನ ಕೆಲವು ಕಾರಿನಲ್ಲಿ ಟಾರ್ಕ್ಸ್ (ನಕ್ಷತ್ರಾಕಾರದ ತೂತು). ಬಿಚ್ಚಲು ದಾರಿ ಮೂರು. ಆಲನ್ ಕೀ ಮತ್ತು ರಿಂಗ್ ಸ್ಪ್ಯಾನರ್ ಸೇರಿಸಿ ಕೈಯಿಂದ ಬಿಚ್ಚುವುದು ನಿಧಾನ, ಆದರೆ ಸುರಕ್ಷಿತ. ಹೊರಗೆ ಕಾಣುವ ತ್ರೆಡ್ಡನ್ನು ವೈರ್ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹೊಡೆದು ಹದಿನೈದು ನಿಮಿಷ ಬಿಡಿ. ಆಲನ್ ತೂತಿನ ಮಣ್ಣನ್ನು ಸೂಜಿಯಿಂದ ಕೆದಕಿ ಕೀಲಿಯನ್ನು ಸುತ್ತಿಗೆಯಿಂದ ತಟ್ಟಿ ಪೂರ್ತಿ ಇಳಿಸಿ. ಅರ್ಧ ಇಳಿದ ಕೀಲಿಯೇ ತೂತನ್ನು ದುಂಡಗೆ ಮಾಡುವುದು. ದುಂಡಗಾಗಿಬಿಟ್ಟರೆ ಬೂಟು ಕುಯ್ದು ಬಾಲಿನ ಕತ್ತನ್ನು ಲಾಕಿಂಗ್ ಪ್ಲೈಯರ್‌ನಿಂದ ಹಿಡಿಯಬಹುದು, ಹೇಗೂ ಎಸೆಯುವ ಮಾಲು.

ಇಂಪ್ಯಾಕ್ಟ್ ಗನ್ ಹಳೆಯದನ್ನು ಬಿಚ್ಚಲು ಅಡ್ಡಿಯಿಲ್ಲ. ಗ್ರೈಂಡರ್ ಕೊನೆಯ ಅಸ್ತ್ರ: ಬ್ರೇಕ್ ಹೋಸು, ಎಬಿಎಸ್ ವೈರು, ಡ್ರೈವ್ ಶಾಫ್ಟ್ ಬೂಟಿನ ಮೇಲೆ ಒದ್ದೆ ಗೋಣಿ ಹೊದಿಸಿ, ಬ್ರಾಕೆಟ್ಟಿಗೆ ತಾಗದಂತೆ ಸ್ಟಡ್ಡನ್ನು ಮಾತ್ರ ಕತ್ತರಿಸಿ.

ಹೊಸದನ್ನು ಕೂರಿಸುವಾಗ ಮಾತ್ರ ಗನ್ ಬೇಡವೇ ಬೇಡ. ಗನ್ ಹೊಡೆದಾಗ ಸ್ಟಡ್ ಒಳಗೇ ಗಿರಗಿರ ತಿರುಗಿ ಪ್ಲಾಸ್ಟಿಕ್ ಗೂಡು ಬಿಸಿಯಾಗಿ ಸವೆಯುತ್ತದೆ, ಬೂಟು ತಿರುಚಿಕೊಂಡು ಹರಿಯುತ್ತದೆ. ‘ಬ್ರಾಂಡೆಡ್ ಹಾಕಿಸಿದೆ, ಆರು ತಿಂಗಳಿಗೆ ಹೋಯಿತು’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಈ ಕೆಲವು ಸೆಕೆಂಡುಗಳ ಅವಸರ. ಆಲನ್ ಕೀ ಹಿಡಿದು ಸ್ಪ್ಯಾನರ್‌ನಿಂದ ಬಿಗಿದು, ಸ್ಟಡ್ಡಿನ ಬುಡದ ಅಗಲ ಅಂಚು ಬ್ರಾಕೆಟ್ಟಿಗೆ ಕಚ್ಚಿಕೊಂಡ ಮೇಲೆ ಟಾರ್ಕ್ ರೆಂಚ್ (ಎಷ್ಟು ಬಿಗಿದಿದೆ ಎಂದು ಅಳೆಯುವ ಸ್ಪ್ಯಾನರ್) ಹಾಕಿ. ಬೂಟು ತಿರುಚಿದೆಯೇ ಎಂದು ಒಮ್ಮೆ ನೋಡಿ.

ಎಷ್ಟು ಬಿಗಿಯಬೇಕು ಎಂಬುದು ಕಾರಿನಿಂದ ಕಾರಿಗೆ ಬಹಳ ಬೇರೆ. ಕೊರೊಲ್ಲಾಗೆ 74 ನ್ಯೂಟನ್ ಮೀಟರ್, ಹ್ಯುಂಡೈನ ಹಲವು ಕಾರುಗಳಿಗೆ ಸುಮಾರು 98ರಿಂದ 118. ಸಣ್ಣ ಎಂ10 (10 ಮಿ.ಮೀ. ದಪ್ಪದ) ಸ್ಟಡ್ ಇರುವ ಕಾರುಗಳಿಗೆ ಇದಕ್ಕಿಂತ ಬಹಳ ಕಡಿಮೆ. ಎಂ12ರ ಲೆಕ್ಕದಲ್ಲಿ ಅದನ್ನು ಬಿಗಿದರೆ ತ್ರೆಡ್ ಎಳೆದುಹೋಗುತ್ತದೆ. ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುವಲ್ ನೋಡದೆ ಅಂದಾಜು ಬೇಡ. ಹಳೆಯ ಲಾಕ್ ನಟ್ಟನ್ನು ಮತ್ತೆ ಹಾಕಬೇಡಿ. ಒಂದು ಕಡೆಯದು ಸವೆದಿದ್ದರೆ ಇನ್ನೊಂದೂ ಅದೇ ವಯಸ್ಸಿನದು, ಜೋಡಿಯಾಗಿಯೇ ಬದಲಿಸುವುದು ಲಾಭ. ಬಾಲ್ ಜಾಯಿಂಟಿನ ಲಿಂಕನ್ನು ಚಕ್ರ ಜೋತಾಡುತ್ತಿರುವಾಗಲೂ ಬಿಗಿಯಬಹುದು. ತುದಿಗೆ ರಬ್ಬರ್ ಬುಷ್ ಇರುವ ಬಗೆಯಾದರೆ ಕಾರಿನ ಭಾರ ಚಕ್ರದ ಮೇಲೆ ಬಂದ ಮೇಲೆಯೇ ಕೊನೆಯ ಬಿಗಿ, ಇಲ್ಲವಾದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಲಿಂಕ್ ಬದಲಿಸಿದ್ದಕ್ಕೆ ವೀಲ್ ಅಲೈನ್‌ಮೆಂಟ್ ಬೇಕಿಲ್ಲ. ಅಲೈನ್‌ಮೆಂಟಿನಲ್ಲಿ ನೋಡುವ ಚಕ್ರದ ಕೋನಗಳಾದ ಟೋ, ಕ್ಯಾಂಬರ್ ಎರಡಕ್ಕೂ ಲಿಂಕಿಗೂ ಸಂಬಂಧವಿಲ್ಲ, ಬಿಲ್ಲಿನಲ್ಲಿ ಆ ಸಾಲು ಕಂಡರೆ ಯಾಕೆ ಎಂದು ಕೇಳಿ. ಕೆಲವು ದಿನ ಓಡಿಸಿದ ಮೇಲೆ ನಾಲ್ಕೂ ನಟ್ಟಿಗೆ ಮತ್ತೊಮ್ಮೆ ಟಾರ್ಕ್ ರೆಂಚ್ ತಾಗಿಸಿ. ಹೊಸ ಲಿಂಕ್ ಹಾಕಿದ ವಾರದೊಳಗೆ ಹಳೆಯ ಸದ್ದೇ ಮರಳಿ ಬಂದರೆ ಪಾರ್ಟ್ ವಾಪಸ್ ಒಯ್ಯುವ ಮೊದಲು ನೋಡಬೇಕಾದದ್ದೂ ಆ ನಟ್ಟುಗಳನ್ನೇ.