ಎಪ್ಪತ್ತರ ಅಜ್ಜಿಗೆ ದಿನಕ್ಕೆ ಎಷ್ಟು ಕ್ಯಾಲೊರಿ? ಯಾವ ಲೆಕ್ಕ ಹಿಡಿಯಬೇಕು?

ಹಾವೇರಿ ಕಡೆಯ 70 ವರ್ಷದ ಅಜ್ಜಿ, ತೂಕ 50 ಕೆಜಿ, ಎತ್ತರ 150 ಸೆಂ.ಮೀ. ಎಂದುಕೊಳ್ಳಿ. ಮಿಫ್ಲಿನ್ ಸೂತ್ರದಲ್ಲಿ (10×ತೂಕ + 6.25×ಎತ್ತರ − 5×ವಯಸ್ಸು − 161, ಗಂಡಸರಿಗೆ ಕೊನೆಯಲ್ಲಿ −161ರ ಬದಲು +5) ಸುಮ್ಮನೆ ಮಲಗಿದ್ದರೂ ಬೇಕಾಗುವ ಶಕ್ತಿ ಸುಮಾರು 927 ಕ್ಯಾಲೊರಿ. ಸ್ಕೋಫೀಲ್ಡ್ ಸೂತ್ರ 60 ದಾಟಿದ ಹೆಂಗಸರ ತೂಕವನ್ನಷ್ಟೇ ಕೇಳುತ್ತದೆ: 9.082×ತೂಕ + 658.5, ಅಂದರೆ 1,113. ಇದಕ್ಕೆ ಚಟುವಟಿಕೆಯ ಗುಣಕ (ದಿನದ ಓಡಾಟ, ಕೆಲಸಕ್ಕೆ ತಕ್ಕಂತೆ ಗುಣಿಸುವ ಸಂಖ್ಯೆ) 1.5 ಹಾಕಿದರೆ 1,390 ಮತ್ತು 1,669. ಅಂತರ ಎರಡು ದೊಡ್ಡ ಜೋಳದ ರೊಟ್ಟಿಯಷ್ಟು!

ಬೆನ್ನು ಬಾಗಿದವರ ಎತ್ತರ 5 ಸೆಂ.ಮೀ. ತಪ್ಪಿದರೂ ಮಿಫ್ಲಿನ್‌ನಲ್ಲಿ ತಪ್ಪುವುದು 31 ಕ್ಯಾಲೊರಿ ಮಾತ್ರ. ದೊಡ್ಡ ಎಡವಟ್ಟು ಆಗುವುದು ಗುಣಕದಲ್ಲಿ: 1.4ರ ಬದಲು 1.7 ಹಾಕಿದರೆ ಇದೇ ಅಜ್ಜಿಗೆ 278 ಹೆಚ್ಚಾಗುತ್ತದೆ.

ಗುಣಕ ಎಷ್ಟೆಂದು ತಿಳಿಯಲು ಚಟುವಟಿಕೆ ಅಳೆಯಬೇಕು. ಆದರೆ ಕೈಗೆ ಕಟ್ಟುವ ಹೆಜ್ಜೆ ಎಣಿಸುವ ವಾಚು ಕುಳಿತು ರೊಟ್ಟಿ ಬಡಿಯುವ, ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸವನ್ನು ಸರಿಯಾಗಿ ಹಿಡಿಯದು. ಕೋಲು ಊರಿ ನಿಧಾನವಾಗಿ ನಡೆದರೂ ಹೆಜ್ಜೆ ಬಿಟ್ಟುಹೋಗುತ್ತವೆ. ಅಂಥವರಿಗೆ ‘ನಿನ್ನೆ ಬೆಳಿಗ್ಗೆ ಎದ್ದಮೇಲೆ ಏನೇನು ಮಾಡಿದಿರಿ ಅಜ್ಜಿ?’ ಎಂದು ಕೇಳಿ, ಗಂಟೆವಾರು ಬರೆದುಕೊಳ್ಳುವುದೇ ಲೇಸು. ಧಾರವಾಡದ ಕೆಲಗೇರಿ ಕೆರೆಯ ಹತ್ತಿರ ದಿನಾ ಚುರುಕಾಗಿ ನಡೆಯುವವರಿಗೆ ವಾಚು ಸಾಕು.

ಮನೆಯವರೇ ಲೆಕ್ಕ ಹಾಕುವುದಾದರೆ ಕೆಜಿಗೆ 30 ಕ್ಯಾಲೊರಿಯಂತೆ, ಇಲ್ಲಿ 1,500ರಿಂದ, ಶುರುಮಾಡಿ. ತಿಂಗಳಿಗೊಮ್ಮೆ ಅದೇ ತೂಕದ ಯಂತ್ರದಲ್ಲಿ ತೂಗಿ. ಕಾಲು ಬಾತಿದ್ದರೆ ನೀರಿನ ಭಾರವೂ ಸೇರಿ ಲೆಕ್ಕ ಕೆಡುತ್ತದೆ. ಆರು ತಿಂಗಳಲ್ಲಿ ತಾನಾಗಿಯೇ ಶೇ. 5ರಷ್ಟು ಇಳಿದರೆ, ಈ ಅಜ್ಜಿಗೆ ಎರಡೂವರೆ ಕೆಜಿ, ಸೂತ್ರ ಬಿಟ್ಟು ವೈದ್ಯರ ಬಳಿ ಕರೆದೊಯ್ಯಿರಿ.