ಫೋನ್, ರೇಡಿಯೋ, ಬೀಕನ್: ಮೂರನ್ನೂ ಅಲೆಗೆ ಒಯ್ದು ನೋಡಿದೆ

ನಾನು ವಿಂಡ್‌ಸರ್ಫಿಂಗ್ ಮಾಡುವವನು, ಅಂದರೆ ಹಾಯಿ ಕಟ್ಟಿದ ಬೋರ್ಡ್ ಮೇಲೆ ನಿಂತು ಸಮುದ್ರದಲ್ಲಿ ಸಾಗುವವನು. ಮಾಸ್ಟನ್ನು, ಅಂದರೆ ಹಾಯಿಯ ಕಂಬವನ್ನು, ಬೋರ್ಡಿಗೆ ಜೋಡಿಸುವ ರಬ್ಬರ್ ಕೀಲು ತುಂಡಾದಾಗ ನಾನು ದಡದಿಂದ ಅರ್ಧ ಕಿಲೋಮೀಟರ್ ಆಚೆ ಇದ್ದೆ. ಪಕ್ಕದ ಸೇಫ್ಟಿ ಪಟ್ಟಿ ಹಿಡಿದುಕೊಂಡಿತ್ತು, ಪುಣ್ಯ. ಇಲ್ಲದಿದ್ದರೆ ಬೋರ್ಡ್ ಒಂದು ದಿಕ್ಕು, ಹಾಯಿ ಒಂದು ದಿಕ್ಕು. ಗಾಳಿ ದಡಕ್ಕೆ ಅಡ್ಡವಾಗಿ, ಸ್ವಲ್ಪ ಸಮುದ್ರದ ಕಡೆಗೇ ಬೀಸುತ್ತಿತ್ತು. ಹತ್ತಿರದಲ್ಲಿ ಮನೆಯಿಲ್ಲ, ದೋಣಿಯಿಲ್ಲ. ಆದರೂ ಹೆದರಲಿಲ್ಲ, ಯಾಕಂದ್ರೆ ನೀರು ಹೋಗದ ಚೀಲದಲ್ಲಿ ಫೋನ್ ಇತ್ತಲ್ವಾ! ಆ ಧೈರ್ಯ ಐದು ನಿಮಿಷವೂ ಉಳಿಯಲಿಲ್ಲ.

ಚೀಲಕ್ಕೆ ಏನೂ ಆಗಿರಲಿಲ್ಲ, ಫೋನ್ ಒಣಗೇ ಇತ್ತು. ತೊಂದರೆ ಬೇರೆ. ಚೀಲದ ಮೇಲೆ ಬಿದ್ದ ಉಪ್ಪುನೀರಿನ ಹನಿಗಳನ್ನು ಪರದೆ ಬೆರಳು ಅಂದುಕೊಂಡಿತು. ನಾನು ಒಂದು ಅಂಕಿ ಒತ್ತಿದರೆ ಅದು ಇನ್ನೆರಡು ಸೇರಿಸುತ್ತಿತ್ತು. ಒರೆಸಿಕೊಳ್ಳೋಣ ಅಂದ್ರೆ ಮೈಮೇಲೆ ಒಣಗಿದ್ದು ಏನೂ ಇಲ್ಲ. ಅಲೆಯ ತುದಿಗೆ ಏರಿದಾಗ ಸಿಗ್ನಲ್‌ನ ಒಂದು ಗೆರೆ, ಕೆಳಗಿಳಿದರೆ ಅದೂ ಇಲ್ಲ. ಕೊನೆಗೆ ಹಾಯಿಯನ್ನು ಬಿಟ್ಟುಕೊಟ್ಟೆ. ಬೋರ್ಡ್ ಮೇಲೆ ಬೋರಲು ಮಲಗಿ, ಕೈಯಲ್ಲೇ ನೀರು ತಳ್ಳುತ್ತಾ ಓರೆಯಾಗಿ ದಡ ಸೇರಿದೆ. ಮುಕ್ಕಾಲು ಗಂಟೆ ಹಿಡಿಯಿತು.

ಅದಾದ ಮೇಲೆ ಮೂರು ಸಾಧನಗಳನ್ನೂ ಒಂದೇ ರೀತಿ ಪರೀಕ್ಷೆ ಮಾಡಿದೆ. ಎದೆಮಟ್ಟದ ನೀರು, ಒಂದು ಕೈ ಬೋರ್ಡಿನ ಕಾಲುಪಟ್ಟಿಯಲ್ಲಿ. ಉಳಿದ ಕೈಯಿಂದ ಸಾಧನ ಹೊರಗೆ ತೆಗೆದು ಕೆಲಸಕ್ಕೆ ಹಚ್ಚಬೇಕು. ಮೊದಲು ಶಾಂತ ನೀರಿನಲ್ಲಿ, ಆಮೇಲೆ ಅಲೆ ಒಡೆಯುವ ಕಡೆ, ಬೆರಳು ಮರಗಟ್ಟುವಷ್ಟು ಹೊತ್ತು ನೀರಲ್ಲಿ ಇದ್ದು. ಸೀಟಿಯನ್ನೂ ಊದಿ ನೋಡಿದೆ. ಐವತ್ತು ಮೀಟರ್ ದೂರದಲ್ಲಿದ್ದ ಗೆಳೆಯನಿಗೆ, ಗಾಳಿಗೆ ಎದುರಾಗಿ, ಕೇಳಿಸಲೇ ಇಲ್ಲ.

ಫೋನ್ ಎರಡನೇ ಸಲವೂ ಸೋತಿತು. ಬದಿಯ ಗುಂಡಿ ಒತ್ತಿ ತುರ್ತು ಕರೆ ಹೋಗುವ ಹಾಗೆ ಮಾಡಿಟ್ಟುಕೊಂಡರೆ ಪರದೆಯ ಕಾಟ ಕಡಿಮೆ. ಆದರೆ ಸಿಗ್ನಲ್ ಇಲ್ಲದ ಕಡೆ ಯಾವ ಗುಂಡಿ ಒತ್ತಿ ಏನು ಪ್ರಯೋಜನ? ಒಳ್ಳೆ ಅಲೆ ಬೀಳುವ ಒಂಟಿ ಜಾಗಗಳಲ್ಲಿ ಸಾಮಾನ್ಯವಾಗಿ ಹಿಂದೆ ಬಂಡೆಗುಡ್ಡ ಇರುತ್ತದೆ. ಟವರ್ ಅದರ ಆಚೆ.

ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ರೇಡಿಯೋ, ದೋಣಿಯವರು ಪರಸ್ಪರ ಮಾತಾಡಲು ಬಳಸುವಂಥದ್ದು, ನನಗೆ ತುಂಬಾ ಹಿಡಿಸಿತು. ದಪ್ಪ ಗುಂಡಿಗಳು, ಮರಗಟ್ಟಿದ ಬೆರಳಿಗೂ ಸಿಗುತ್ತವೆ. ನೀರಿಗೆ ಬಿದ್ದರೆ ತೇಲುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಆ ಕಡೆಯಿಂದ ಉತ್ತರ ಬರುತ್ತದೆ. ಚಾನೆಲ್ 16 ತುರ್ತು ಕರೆಗೆ, ಅಲ್ಲಿ ಸುಮ್ನೆ ಹರಟೆ ಹೊಡೆಯುವ ಹಾಗಿಲ್ಲ. ನಾವು ಬೇರೆ ಚಾನೆಲ್‌ನಲ್ಲಿ ಪರೀಕ್ಷಿಸಿದೆವು. ಹಲವು ದೇಶಗಳಲ್ಲಿ ಇದಕ್ಕೆ ಪರವಾನಗಿ ಬೇಕು, ಮೊದಲೇ ಕೇಳಿಕೊಳ್ಳಿ.

ಇದರ ಸಮಸ್ಯೆ ಎತ್ತರ. ವಿಎಚ್‌ಎಫ್ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಹೋಗುತ್ತವೆ. ದೋಣಿಯ ಕಂಬದ ಮೇಲಿನ ಆಂಟೆನಾಕ್ಕೂ ನೀರಲ್ಲಿ ಕುತ್ತಿಗೆಮಟ್ಟ ಮುಳುಗಿದವನ ಕೈಗೂ ಎಲ್ಲಿಯ ಹೋಲಿಕೆ? ದಡದಲ್ಲಿದ್ದ ಗೆಳೆಯನ ಜೊತೆ ಸ್ಪಷ್ಟವಾಗಿ ಮಾತಾಡಿದೆ. ಅವನು ಗುಡ್ಡದ ಮೂಲೆ ತಿರುಗಿದ ಕೂಡಲೇ ಬರೀ ಗರಗರ ಸದ್ದು. ಕರಾವಳಿ ಪಡೆಯ ಎತ್ತರದ ಆಂಟೆನಾ ಎದುರಿಗಿದ್ದರೆ ಇದೇ ರೇಡಿಯೋ ಬಹಳ ದೂರ ಮುಟ್ಟುತ್ತದೆ, ಅದು ನಿಜ. ಆದರೆ ಮೂಲೆಯೊಳಗೆ ಅಡಗಿದ ಕೊಲ್ಲಿಯಲ್ಲಿ ಅದನ್ನು ನಂಬಿ ಕೂರಲಾರೆ.

ಇನ್ನು ಬೀಕನ್, ಪಿಎಲ್‌ಬಿ (ಪರ್ಸನಲ್ ಲೊಕೇಟರ್ ಬೀಕನ್) ಅನ್ನುತ್ತಾರಲ್ಲ, ಅದು: ಅಪಾಯದಲ್ಲಿ ಒತ್ತಿದರೆ ಸಹಾಯ ಕೇಳುವ ಸಂಕೇತ ಕಳಿಸುವ ಸಣ್ಣ ಸಾಧನ. ಇದನ್ನು ನಿಜವಾಗಿ ಒತ್ತಿ ನೋಡುವ ಹಾಗಿಲ್ಲ. ಒತ್ತಿದರೆ 406 ಮೆಗಾಹರ್ಟ್ಸ್‌ನಲ್ಲಿ ಸಂದೇಶ ಕಾಸ್ಪಾಸ್-ಸಾರ್ಸಾಟ್ ಎಂಬ ಅಂತರರಾಷ್ಟ್ರೀಯ ರಕ್ಷಣಾ ವ್ಯವಸ್ಥೆಯ ಉಪಗ್ರಹಗಳಿಗೆ ಹೋಗಿ, ನಿಜವಾದ ರಕ್ಷಣಾ ತಂಡ ಹೊರಡುತ್ತದೆ. ಈ ವ್ಯವಸ್ಥೆ 1982ರಿಂದ ಜನರನ್ನು ಉಳಿಸುತ್ತಿದೆ. ಹಾಗಾಗಿ ನಾನು ಮಾಡಿದ್ದು ಸ್ವಪರೀಕ್ಷೆಯ ಗುಂಡಿ ಒತ್ತಿದ್ದು, ಮತ್ತೆ ಜೇಬಿನಿಂದ ತೆಗೆದು ಮತ್ತೆ ಒಳಗಿಡುವ ಅಭ್ಯಾಸ.

ಆ ಅಭ್ಯಾಸದಲ್ಲೇ ಒಂದು ಗೊತ್ತಾಯಿತು: ಆಂಟೆನಾ ಬಿಚ್ಚಲು ಎರಡೂ ಕೈ ಬೇಕು. ಅಂದರೆ ಬೋರ್ಡನ್ನು ಬಿಡಬೇಕು, ಅದಂತೂ ಆಗದ ಮಾತು. ಬೋರ್ಡಿನ ಮೇಲೆ ಎದೆ ಹಾಕಿ ಅಡ್ಡ ಮಲಗಿ, ಎರಡು ಅಲೆಗಳ ನಡುವಿನ ಬಿಡುವಿನಲ್ಲಿ ಬಿಚ್ಚಬೇಕಾಯಿತು. ಮೊದಲ ಸಲ ಕೈಜಾರಿತು. ದಾರ ಕಟ್ಟಿದ್ದೆ, ಉಳಿಯಿತು. ಬಿಚ್ಚಿದ ಮೇಲೂ ಆಂಟೆನಾವನ್ನು ನೀರಿನಿಂದ ಮೇಲೆ, ಆಕಾಶಕ್ಕೆ ನೆಟ್ಟಗೆ ಹಿಡಿದಿರಬೇಕು. ತೋಳು ಬೇಗ ಸೋಲುತ್ತದೆ.

ಆದರೂ ಗುಡ್ಡದ ಹಿಂದೆ ಕೆಲಸ ಮಾಡುವುದು ಇದೊಂದೇ. ತಲೆ ಮೇಲೆ ಆಕಾಶ ಕಂಡರೆ ಸಾಕು. ಒಮ್ಮೆ ಒತ್ತಿದರೆ ಕನಿಷ್ಠ 24 ಗಂಟೆ ಸಂದೇಶ ಕಳಿಸುತ್ತದೆ, ಜಿಪಿಎಸ್ ಇದ್ದರೆ ಜಾಗವನ್ನೂ ಹೇಳುತ್ತದೆ. ಕೊಂಡ ಕೂಡಲೇ ನೋಂದಣಿ ಮಾಡಿಸಬೇಕು. ಅಧಿಕಾರಿಗಳು ಮೊದಲು ಫೋನ್ ಮಾಡುವುದು ಅಲ್ಲಿ ಬರೆಸಿದ ಸಂಬಂಧಿಕರಿಗೇ. ಇದು ಉತ್ತರ ಕೊಡುವುದಿಲ್ಲ ಅನ್ನುವುದೇ ನನ್ನ ದೊಡ್ಡ ದೂರು. ಸಂದೇಶ ತಲುಪಿತು ಅಂತ ದೀಪದಲ್ಲಿ ತೋರಿಸುವ ಮಾದರಿಗಳು ಬಂದಿವೆ. ನನ್ನದು ಹಳೆಯದು, ಮಿನುಗುತ್ತದೆ ಅಷ್ಟೇ. ಸಹಾಯ ಬರುವ ತನಕ ಬೋರ್ಡ್ ಮತ್ತು ಮೈ ಬೆಚ್ಚಗಿಡುವ ದಪ್ಪ ವೆಟ್‌ಸೂಟ್ ಎರಡೇ ಗತಿ.

ಈಗ ಒಂಟಿ ಜಾಗಕ್ಕೆ ಹೋದರೆ ಬೀಕನ್ ನನ್ನ ಮೈಮೇಲೇ ಇರುತ್ತದೆ, ಹಾಯಿಗೆ ಕೊಕ್ಕೆ ಹಾಕುವ ಸೊಂಟಪಟ್ಟಿ ಹಾರ್ನೆಸ್‌ಗೆ ಸಿಕ್ಕಿಸಿದ್ದಲ್ಲ, ವೆಸ್ಟ್‌ನ ಎದೆಯ ಜೇಬಲ್ಲಿ, ದಾರ ಸಮೇತ. ಜೊತೆಗೆ ಒಬ್ಬರಿದ್ದರೆ ಮಾತ್ರ ರೇಡಿಯೋ, ಒಂದು ನನ್ನ ಹತ್ತಿರ, ಇನ್ನೊಂದು ದಡದಲ್ಲಿ. ಫೋನ್ ನೀರಿಗಿಳಿಯುವುದೇ ಇಲ್ಲ. ಅದು ಗೆಳೆಯನ ಕೈಯಲ್ಲಿ, ಗುಡ್ಡದ ನೆತ್ತಿಯಲ್ಲಿ ಸಿಗ್ನಲ್ ಸಿಗುವ ಕಲ್ಲಿನ ಮೇಲೆ ಇರುತ್ತದೆ. "ಐದೂವರೆಗೆ ನಾನು ದಡದಲ್ಲಿ ಇಲ್ಲದಿದ್ರೆ ಕಾಯ್ಬೇಡ, ಕರೆ ಮಾಡು" ಅಂತ ಹೇಳಿ ಇಳಿಯುತ್ತೇನೆ. ಅವನು ಐದು ಇಪ್ಪತ್ತಕ್ಕೇ ಎದ್ದು ನಿಂತಿರುತ್ತಾನೆ, ಅಲೆ ಮೇಲಿಂದಲೇ ಕಾಣುತ್ತದೆ.